ತೊಟ್ಟಿಗೆ ಇಳಿಯುವ ಮೊದಲು: ಮರ ಸಂಸ್ಕರಣೆ ಟ್ಯಾಂಕ್ ಸ್ವಚ್ಛತೆಯ ಪಾಠ

ಒಂದು ಉಕ್ಕಿನ ಟ್ಯಾಂಕ್ ಇದೆ ಅಂದುಕೊಳ್ಳಿ. ಉದ್ದ 10 ಮೀಟರ್, ವ್ಯಾಸ 1.8 ಮೀಟರ್. ಒಳಗಿದ್ದ ರಾಸಾಯನಿಕವನ್ನೆಲ್ಲ ಪಂಪ್ ಮಾಡಿ ತೆಗೆದಾಗಿದೆ. ಬಾಗಿಲು ಹಾಕಿ ಒಂದು ತಿಂಗಳಾಗಿದೆ. ಈಗ ಅದರೊಳಗೆ ಏನಿದೆ? "ಏನೂ ಇಲ್ಲ, ಖಾಲಿ" ಅಂತ ಪರೀಕ್ಷೆಯಲ್ಲಿ ಬರೆದರೆ ಎರಡು ಮಾರ್ಕ್ಸ್ ಹೋಗಬಹುದು. ಕಾರ್ಖಾನೆಯಲ್ಲಿ ಅದೇ ಉತ್ತರವನ್ನು ನಂಬಿ ಒಳಗೆ ಇಳಿದವರು ಹೊರಗೆ ಬರದೇ ಹೋಗಿದ್ದಾರೆ. ಈ ಲೇಖನದಲ್ಲಿ ಮರ ಸಂಸ್ಕರಣೆ ಟ್ಯಾಂಕ್ ಅಂದರೆ ಏನು, ಅದು ಖಾಲಿಯಾದ ಮೇಲೂ ಯಾಕೆ ಅಪಾಯ, ಅದನ್ನು ಸ್ವಚ್ಛ ಮಾಡುವ ಸರಿಯಾದ ಕ್ರಮ ಯಾವುದು ಅಂತ ನಾವು ಓದಿರೋ ಸಾಮಾನ್ಯ ಲೆಕ್ಕಗಳಿಂದಲೇ ನೋಡೋಣ.

ರಾಯಚೂರಿಗೂ ಇದಕ್ಕೂ ಏನು ಸಂಬಂಧ?

ಮರ ಅಂದ ಕೂಡಲೇ ಇದು ಮಲೆನಾಡಿನ ವಿಷಯ, ಬಿಸಿಲೂರಿಗೆ ಯಾಕೆ ಅನ್ನಿಸಬಹುದು. ಆದರೆ ಮುಂಬೈ ಕಡೆಯಿಂದ ಬಂದ ರೈಲು ದಾರಿ, ಮದ್ರಾಸ್ ಕಡೆಯಿಂದ ಬಂದ ರೈಲು ದಾರಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಮರ ಸಂಸ್ಕರಣೆ ದೊಡ್ಡ ಉದ್ಯಮವಾಗಿ ಬೆಳೆದದ್ದೇ ರೈಲಿನ ಸ್ಲೀಪರ್‌ಗಳಿಂದ. ಮಳೆ, ಬಿಸಿಲು, ಗೆದ್ದಲಿಗೆ ಸಿಕ್ಕಿದ ಮರ ಕೆಲವೇ ವರ್ಷದಲ್ಲಿ ಹಾಳಾಗ್ತದೆ. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬಾತ ಒತ್ತಡದಿಂದ ಕ್ರಿಯೋಸೋಟ್ ಎಣ್ಣೆಯನ್ನು ಮರದೊಳಗೆ ತುಂಬಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಟ್ಯಾಂಕ್‌ಗಳು ಹೆಚ್ಚುಕಡಿಮೆ ಅದೇ ತತ್ವದಲ್ಲಿ ನಡೀತವೆ.

ಎರಡನೇ ಸಂಬಂಧ ಇದಕ್ಕಿಂತ ಹತ್ತಿರದ್ದು. ಮಾನ್ವಿಯ ರೈಸ್ ಮಿಲ್‌ಗಳಲ್ಲಿ ಕುಸುಬಲಕ್ಕಿಗೆ ಭತ್ತ ನೆನೆಸುವ ತೊಟ್ಟಿ, ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಬಂಕರ್, ಹಾಸ್ಟೆಲ್ಲಿನ ಸಂಪ್, ಬೀದಿಯ ಮ್ಯಾನ್‌ಹೋಲ್ ಇವೆಲ್ಲ ಒಂದೇ ಜಾತಿಗೆ ಸೇರಿದವು. ಒಳಗೆ ಹೋಗುವ ದಾರಿ ಸಣ್ಣದು, ಗಾಳಿಯ ಓಡಾಟ ಇಲ್ಲ, ಮನುಷ್ಯ ಸದಾ ಇರಲಿಕ್ಕೆ ಅಂತ ಕಟ್ಟಿದ್ದಲ್ಲ. ಇಂಥದ್ದಕ್ಕೆ ಕನ್‌ಫೈನ್ಡ್ ಸ್ಪೇಸ್ ಅಂತಾರೆ. ಮರ ಸಂಸ್ಕರಣೆ ಟ್ಯಾಂಕನ್ನು ಅರ್ಥ ಮಾಡಿಕೊಂಡರೆ ಉಳಿದವೂ ಅರ್ಥ ಆಗ್ತವೆ, ಯಾಕಂದರೆ ಉಳಿದ ಕಡೆ ಬಿಡಿಬಿಡಿಯಾಗಿ ಇರುವ ಅಪಾಯಗಳು ಇಲ್ಲಿ ಒಟ್ಟಿಗೇ ಇವೆ: ಒತ್ತಡ, ವಿಷ, ಗಾಳಿಯ ಕೊರತೆ.

ಟ್ಯಾಂಕ್ ಕೆಲಸ ಮಾಡೋದು ಹೇಗೆ?

ಮರವನ್ನು ಟ್ರಾಲಿ ಮೇಲೆ ಹೇರಿ ಸಿಲಿಂಡರ್ ಆಕಾರದ ಟ್ಯಾಂಕಿನೊಳಗೆ ತಳ್ಳಿ ಬಾಗಿಲು ಬಿಗೀತಾರೆ. ಮೊದಲು ವ್ಯಾಕ್ಯೂಮ್ ಪಂಪ್ ಓಡಿಸಿ, ಸುಮಾರು 56 ಸೆಂಟಿಮೀಟರ್ ಪಾದರಸದಷ್ಟು ನಿರ್ವಾತವನ್ನು ಅರ್ಧ ಗಂಟೆ ಇಡ್ತಾರೆ. ಇದರಿಂದ ಮರದ ಜೀವಕೋಶಗಳಲ್ಲಿರೋ ಗಾಳಿ ಹೊರಗೆ ಬರ್ತದೆ. ಆಮೇಲೆ ರಾಸಾಯನಿಕ ದ್ರಾವಣ ತುಂಬಿಸಿ, ಚದರ ಸೆಂಟಿಮೀಟರಿಗೆ 3.5ರಿಂದ 12.5 ಕಿಲೋ ಒತ್ತಡ ಕೊಡ್ತಾರೆ. ಮರ ಸಾಕಷ್ಟು ಕುಡಿದ ಮೇಲೆ ದ್ರಾವಣವನ್ನು ಸ್ಟೋರೇಜ್ ಟ್ಯಾಂಕಿಗೆ ವಾಪಸ್ ಕಳಿಸಿ, ಕೊನೆಗೆ ಮತ್ತೊಮ್ಮೆ ನಿರ್ವಾತ ಮಾಡಿ ಮೇಲ್ಮೈಯ ಹನಿ ಎಳೀತಾರೆ.

ನಮ್ಮ ದೇಶದಲ್ಲಿ ಹೆಚ್ಚು ಹೆಸರಾದ ದ್ರಾವಣ ಸಿಸಿಎ, ಅಂದರೆ ಕಾಪರ್, ಕ್ರೋಮ್, ಆರ್ಸೆನಿಕ್ ಮಿಶ್ರಣ. ಇದನ್ನು ಕಂಡುಹಿಡಿದವರು ಭಾರತೀಯರೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ. ಆಮೇಲೆ ಜಗತ್ತಿನ ತುಂಬಾ ವಿದ್ಯುತ್ ಕಂಬ, ಬೇಲಿ ಕಂಬ, ಸೇತುವೆಗಳಿಗೆ ಇದು ಬಳಕೆಯಾಯಿತು. ತಾಮ್ರ ಶಿಲೀಂಧ್ರವನ್ನು ತಡೀತದೆ, ಆರ್ಸೆನಿಕ್ ಗೆದ್ದಲನ್ನು ತಡೀತದೆ, ಕ್ರೋಮಿಯಂ ಇವೆರಡನ್ನೂ ಮರಕ್ಕೆ ಕಚ್ಚಿಸಿ ಹಿಡೀತದೆ. ಆರ್ಸೆನಿಕ್ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಸಿಸಿಎ ಹಾಕೋದನ್ನು ಉದ್ಯಮವೇ ನಿಲ್ಲಿಸಿತು. ಒತ್ತಡ ಇಲ್ಲದ ಸಣ್ಣ ಘಟಕಗಳಲ್ಲಿ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದ ತೆರೆದ ತೊಟ್ಟಿಯಲ್ಲಿ ಮರ, ಬಿದಿರು ನೆನೆಸ್ತಾರೆ. ವಿಷ ಕಡಿಮೆ, ಆದರೆ ಆಳವಾದ ತೊಟ್ಟಿಯ ಅಪಾಯ ಹಾಗೇ ಇರ್ತದೆ.

ಸ್ವಚ್ಛ ಯಾಕೆ ಮಾಡಬೇಕು? ಮರದ ಜೊತೆ ಗರಗಸದ ಪುಡಿ, ತೊಗಟೆ, ಮಣ್ಣು ಒಳಗೆ ಹೋಗ್ತವೆ. ಮರದ ಸಕ್ಕರೆ ಅಂಶ ದ್ರಾವಣದ ಕ್ರೋಮಿಯಂ ಜೊತೆ ಪ್ರತಿಕ್ರಿಯೆ ನಡೆಸಿ ಕೆಸರು ತಳಕ್ಕೆ ಕೂಡ್ತದೆ. ವಾಲ್ವ್ ಕಟ್ಟಿಕೊಳ್ತದೆ, ಪಂಪ್ ಸವೀತದೆ, ದ್ರಾವಣದ ಪ್ರಮಾಣ ತಪ್ತದೆ. ಹಾಗಾಗಿ ಆಗಾಗ ಕೆಸರು ತೆಗೆಯಲೇಬೇಕು.

ಖಾಲಿ ಟ್ಯಾಂಕಿನ ಮೂರು ಲೆಕ್ಕ

ಮೊದಲನೆಯದು ಒತ್ತಡ. ನಮ್ಮ ಟ್ಯಾಂಕಿನ ಬಾಗಿಲಿನ ವ್ಯಾಸ 1.8 ಮೀಟರ್, ಅಂದರೆ ವಿಸ್ತೀರ್ಣ ಸುಮಾರು 2.54 ಚದರ ಮೀಟರ್. ಒಳಗೆ ಚದರ ಸೆಂಟಿಮೀಟರಿಗೆ ಬರೀ 0.1 ಕಿಲೋ ಒತ್ತಡ ಉಳಿದಿದೆ ಅನ್ನೋಣ. 16 ಕಿಲೋವರೆಗೆ ಅಳೆಯುವ ಗೇಜಿನಲ್ಲಿ ಮುಳ್ಳು ಸೊನ್ನೆಯ ಮೇಲೇ ನಿಂತ ಹಾಗೆ ಕಾಣ್ತದೆ. ಆದರೆ ಬಾಗಿಲಿನ ಮೇಲಿನ ಬಲ 25,400 ಚದರ ಸೆಂಟಿಮೀಟರ್ ಗುಣಿಸು 0.1, ಅಂದರೆ ಸುಮಾರು ಎರಡೂವರೆ ಟನ್. ಬೋಲ್ಟ್ ಬಿಚ್ಚಿದವನ ಮೇಲೆ ಬಾಗಿಲು ಹಾರಿ ಬೀಳಲಿಕ್ಕೆ ಅಷ್ಟು ಸಾಕು. ಅದಕ್ಕೇ ಗೇಜ್ ನಂಬಿ ಬಾಗಿಲು ಬಿಚ್ಚಬಾರದು, ವೆಂಟ್ ವಾಲ್ವ್ ತೆರೆದು ಅದರಿಂದ ಗಾಳಿ ಬರೋದು ಪೂರ್ತಿ ನಿಂತಿದೆಯಾ ನೋಡಬೇಕು.

ಎರಡನೆಯದು ಆಮ್ಲಜನಕ. ಹೊರಗಿನ ಗಾಳಿಯಲ್ಲಿ ಅದು ಶೇ 20.9. ಟ್ಯಾಂಕಿನ ಘನಗಾತ್ರ ಸುಮಾರು 25.4 ಘನ ಮೀಟರ್, ಅದರಲ್ಲಿ ಆಮ್ಲಜನಕ 5.3 ಘನ ಮೀಟರ್. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕ ತಿನ್ನುತ್ತದೆ ಅಂತ ಹೈಸ್ಕೂಲಿನಲ್ಲೇ ಓದಿದ್ದೀವಿ. ಒಂದು ಕಿಲೋ ಕಬ್ಬಿಣ ತುಕ್ಕಾಗಲು ಸುಮಾರು 330 ಲೀಟರ್ ಆಮ್ಲಜನಕ ಬೇಕು. ಗಾಳಿ ಆಡದಂತೆ ಮುಚ್ಚಿದ ಈ ಟ್ಯಾಂಕಿನಲ್ಲಿ ಆಮ್ಲಜನಕ ಶೇ 16ಕ್ಕೆ ಇಳಿಯಲು ಸುಮಾರು ನಾಲ್ಕೂವರೆ ಕಿಲೋ ಕಬ್ಬಿಣ ತುಕ್ಕಾದರೆ ಸಾಕು. ಒಳಗಿನ ಗೋಡೆಯ ವಿಸ್ತೀರ್ಣ 61 ಚದರ ಮೀಟರಿಗೂ ಹೆಚ್ಚು. ಅಷ್ಟು ಗೋಡೆಗೆ ಹಂಚಿದರೆ ಆ ತುಕ್ಕು ತಿಂದ ಕಬ್ಬಿಣದ ದಪ್ಪ ಬರೋದು ಸುಮಾರು 9 ಮೈಕ್ರಾನ್, ತಲೆಗೂದಲಿನ ದಪ್ಪದ ಏಳೆಂಟರಲ್ಲಿ ಒಂದು ಪಾಲು. ಕಣ್ಣಿಗೆ ತೆಳ್ಳಗೆ ಕೆಂಪು ಬಣ್ಣ ಕಾಣ್ತದೆ, ಅಷ್ಟೇ. ಇದರ ಜೊತೆ ತಳದ ಒದ್ದೆ ಕೆಸರು ಕೊಳೆತರೆ ಇನ್ನೂ ಬೇಗ. ಹಸಿ ಮರವೂ, ಮರದ ಪೆಲೆಟ್‌ಗಳೂ ತಾವೇ ಆಮ್ಲಜನಕ ಎಳಕೊಂಡು ಕಾರ್ಬನ್ ಮೊನಾಕ್ಸೈಡ್ ಬಿಡ್ತವೆ. 2006ರ ನವೆಂಬರ್‌ನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಬಂದರಿನಲ್ಲಿ ಸಾಗಾ ಸ್ಪ್ರೇ ಎಂಬ ಹಡಗಿನ ಒಬ್ಬ ನಾವಿಕ ಸತ್ತದ್ದು ಹೀಗೇ. ಆತ ಇಳಿದದ್ದು ಪೆಲೆಟ್ ತುಂಬಿದ ಕೋಣೆಗೂ ಅಲ್ಲ, ಅದರ ಪಕ್ಕದ ಮೆಟ್ಟಿಲಿಗೆ.

ಆಮ್ಲಜನಕ ಇಳಿದಂತೆ ದೇಹಕ್ಕೆ ಆಗೋದು ಹೀಗೆ:

- ಶೇ 19.5ಕ್ಕಿಂತ ಕಡಿಮೆ: ಒಳಗೆ ಹೋಗಬಾರದು.
- ಶೇ 16ರ ಆಸುಪಾಸು: ಯೋಚನೆ ಮಂಕಾಗ್ತದೆ, ಕೈಕಾಲಿನ ಹಿಡಿತ ತಪ್ತದೆ. ತನಗೆ ಏನೋ ಆಗ್ತಿದೆ ಅನ್ನೋದೇ ಗೊತ್ತಾಗಲ್ಲ.
- ಶೇ 10ಕ್ಕಿಂತ ಕೆಳಗೆ: ಪ್ರಜ್ಞೆ ತಪ್ಪುತ್ತದೆ.
- ಶೇ 6ಕ್ಕಿಂತ ಕೆಳಗೆ: ಕೆಲವೇ ನಿಮಿಷದಲ್ಲಿ ಸಾವು.

ಮೂರನೆಯದು ವಿಷ. ಕಾಮೇಶಂ ಅವರ ಮಿಶ್ರಣದಲ್ಲಿ ಎಂಟು ಪಾಲಿಗೆ ಒಂದು ಪಾಲು ಆರ್ಸೆನಿಕ್ ಪೆಂಟಾಕ್ಸೈಡ್, ಮೂರು ಪಾಲು ಮೈಲುತುತ್ತು, ನಾಲ್ಕು ಪಾಲು ಡೈಕ್ರೋಮೇಟ್. ಶೇ 2ರ ದ್ರಾವಣ ಮಾಡಿದರೆ ಲೀಟರಿಗೆ ಸುಮಾರು 1.4 ಗ್ರಾಂ ಆರ್ಸೆನಿಕ್ ಇರ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಭಾಗಾಕಾರ ಮಾಡಿ ನೋಡ್ರಿ: ಒಂದು ಲೀಟರ್ ದ್ರಾವಣ 1.4 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 28 ಟ್ಯಾಂಕರ್. ಟ್ಯಾಂಕ್ ತೊಳೆದ ಒಂದು ಬಕೆಟ್ ನೀರನ್ನು "ಹಿತ್ತಲಿಗೆ ಚೆಲ್ಲಿಬಿಡು" ಅನ್ನೋದು ಎಷ್ಟು ದೊಡ್ಡ ಮಾತು ಅಂತ ಇದರಿಂದ ತಿಳೀತದೆ.

ಆರ್ಸೆನಿಕ್ ನಮ್ಮ ಭಾಗಕ್ಕೆ ಹೊಸ ಹೆಸರೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಅದಿರಿನ ಜೊತೆ ಆರ್ಸೆನೋಪೈರೈಟ್ ಖನಿಜ ಸಿಗ್ತದೆ. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ನೆಲದ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮದ ಕಾಯಿಲೆ, ಕ್ಯಾನ್ಸರ್ ಬಂದದ್ದು ದಾಖಲಾಗಿದೆ. ಅಲ್ಲಿ ಕಲ್ಲಿನಿಂದ ತಾನಾಗಿ ನೀರಿಗೆ ಇಳಿದದ್ದನ್ನು ಇಲ್ಲಿ ನಾವೇ ಬಕೆಟ್ಟಿನಲ್ಲಿ ಸುರಿದ ಹಾಗಾಗಬಾರದು.

ಹಗೇವಿನ ಬುದ್ಧಿ

ದೇವದುರ್ಗ, ಮಾನ್ವಿ ಕಡೆ ಹಳೇ ಮನೆಗಳಲ್ಲಿ, ಊರ ಮುಂದೆ ಜೋಳ ತುಂಬಿಡುವ ಹಗೇವು ಇದ್ದವು. ನೆಲದೊಳಗೆ ಗಡಿಗೆ ಆಕಾರದ ಗುಂಡಿ, ಮೇಲೆ ಸಣ್ಣ ಬಾಯಿ. ಒಳಗಿನ ಜೋಳ ಉಸಿರಾಡಿ ಆಮ್ಲಜನಕ ಮುಗಿಸಿ ಕಾರ್ಬನ್ ಡೈಆಕ್ಸೈಡ್ ತುಂಬಿಸ್ತದೆ. ಹುಳು ಬದುಕದೆ ಕಾಳು ವರ್ಷಗಟ್ಟಲೆ ಉಳಿಯೋದು ಅದರಿಂದಲೇ. ಹುಳು ಬದುಕದ ಜಾಗದಲ್ಲಿ ಮನುಷ್ಯನೂ ಬದುಕಲ್ಲ. ಅದಕ್ಕೇ ಹಿರಿಯರು ಹಗೇವಿನ ಬಾಯಿ ತೆರೆದ ಕೂಡಲೇ ಇಳೀತಿರಲಿಲ್ಲ. ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಆಮೇಲೆ ಒಬ್ಬ ಇಳಿಯೋದು, ಮೇಲೆ ಇನ್ನೊಬ್ಬ ಇರೋದು.

ಇವತ್ತಿನ ಸೇಫ್ಟಿ ಮ್ಯಾನುಯಲ್ಲಿನ ಮೂರು ಮುಖ್ಯ ಅಂಶ, ಅಂದರೆ ಗಾಳಿ ಹಾಯಿಸು, ಪರೀಕ್ಷೆ ಮಾಡು, ಹೊರಗೆ ಕಾವಲು ಇಡು ಅನ್ನೋದು ಇದರಲ್ಲೇ ಇದೆ. ಆದರೆ ಕಂದೀಲನ್ನು ಮರದ ಟ್ಯಾಂಕಿಗೆ ತರಬಾರದು. ಕಂದೀಲು ಆರೋದು ಸುಮಾರು ಶೇ 16ಕ್ಕೆ, ಅಷ್ಟರಲ್ಲಿ ಮನುಷ್ಯನ ಬುದ್ಧಿ ಮಂಕಾಗಿರ್ತದೆ. ಅದು ಹೈಡ್ರೋಜನ್ ಸಲ್ಫೈಡನ್ನಾಗಲಿ ಕಾರ್ಬನ್ ಮೊನಾಕ್ಸೈಡನ್ನಾಗಲಿ ತೋರಿಸಲ್ಲ. ಕ್ರಿಯೋಸೋಟ್ ಅಥವಾ ಬೇರೆ ಎಣ್ಣೆಯ ಆವಿ ಇದ್ದರಂತೂ ದೀಪವೇ ಬೆಂಕಿ ಹಚ್ಚುತ್ತದೆ. ಮೂಗನ್ನೂ ನಂಬಬಾರದು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ದಾಟಿದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಗಾಳಿ ಸರಿಯಾಯಿತು ಅಂದುಕೊಂಡವನು ನಿಜವಾಗಿ ಹೆಚ್ಚು ಅಪಾಯದಲ್ಲಿರ್ತಾನೆ.

ಸರಿಯಾದ ಕ್ರಮ

1. ಇಳಿಯದೇ ಆಗ್ತದಾ ನೋಡಿ. ಮರವನ್ನು ಒಳಗೆ ಹಾಕುವ ಮೊದಲೇ ಪುಡಿ ಒರೆಸಿದರೆ, ಪೈಪಿನಲ್ಲಿ ಫಿಲ್ಟರ್ ಇದ್ದರೆ ಕೆಸರೇ ಕಡಿಮೆ. ಉದ್ದ ಹಿಡಿಕೆಯ ಸ್ಕ್ರೇಪರ್, ಹೊರಗಿನಿಂದಲೇ ಬಿಡುವ ಪ್ರೆಶರ್ ನೀರು, ಇಳಿಜಾರಿನ ತಳ ಇವುಗಳಿಂದ ಬಹಳಷ್ಟು ಸಲ ಒಳಗೆ ಹೋಗೋ ಕೆಲಸವೇ ತಪ್ಪುತ್ತದೆ. ಟ್ಯಾಂಕ್ ಡಿಸೈನ್ ಮಾಡುವವರು ನಾವೇ ಆದಾಗ ಇದು ಮೊದಲ ಪಾಠ.

2. ಪ್ರತ್ಯೇಕಿಸಿ. ವಾಲ್ವ್ ಮುಚ್ಚಿದ್ದು ಸಾಲದು, ವಾಲ್ವ್ ಸೋರಬಹುದು. ಪೈಪಿನ ನಡುವೆ ಗಟ್ಟಿ ತಟ್ಟೆ ಹಾಕಿ ಬಂದ್ ಮಾಡಬೇಕು. ಪ್ರೆಶರ್ ಪಂಪ್, ವ್ಯಾಕ್ಯೂಮ್ ಪಂಪಿನ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಒಳಗೆ ಇಳಿಯುವವನ ಜೇಬಿನಲ್ಲೇ ಇರಬೇಕು.

3. ಬರಿದು ಮಾಡಿ, ತೊಳೆಯಿರಿ. ದ್ರಾವಣ ಸ್ಟೋರೇಜ್ ಟ್ಯಾಂಕಿಗೆ ವಾಪಸ್. ತೊಳೆದ ನೀರನ್ನು ಸೋಸಿ ಮುಂದಿನ ಬ್ಯಾಚಿನ ದ್ರಾವಣ ಕಲೆಸಲು ಬಳಸಬಹುದು, ಚರಂಡಿಗೆ ಬಿಡುವಂತಿಲ್ಲ. ತುಕ್ಕು ಬಿಡಿಸಲು ಆಸಿಡ್ ಸುರಿಯಬೇಡಿ. ಆರ್ಸೆನಿಕ್ ಇರುವ ಕೆಸರು, ಆಸಿಡ್, ಜೊತೆಗೆ ಜಿಂಕ್ ಲೇಪನದ ಬಕೆಟ್ ಅಥವಾ ಅಲ್ಯೂಮಿನಿಯಂ ಸೇರಿದರೆ ಆರ್ಸೀನ್ ಎಂಬ ಅನಿಲ ಹುಟ್ಟಬಹುದು. ಅದು ರಕ್ತದ ಕೆಂಪು ಕಣಗಳನ್ನು ಒಡೀತದೆ. 3 ಪಿಪಿಎಂ ಅಂದರೇ ಜೀವಕ್ಕೆ ಅಪಾಯದ ಮಟ್ಟ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ.

4. ಗಾಳಿ ಹಾಯಿಸಿ. ಗಂಟೆಗೆ 500 ಘನ ಮೀಟರ್ ಬೀಸುವ ಬ್ಲೋವರ್ ಇದ್ದರೆ ನಮ್ಮ ಟ್ಯಾಂಕಿನ ಗಾಳಿ ಗಂಟೆಗೆ ಸುಮಾರು 20 ಸಲ ಬದಲಾಗ್ತದೆ. ಆಮ್ಲಜನಕ ಶೇ 12 ಇದ್ದದ್ದು ಶೇ 20.5ಕ್ಕೆ ಏರಬೇಕಾದರೆ ಕೊರತೆ 8.9ರಿಂದ 0.4ಕ್ಕೆ ಇಳಿಯಬೇಕು. ಗಣಿತದ ಎಕ್ಸ್‌ಪೊನೆನ್ಷಿಯಲ್ ಡಿಕೇ ಇಲ್ಲಿ ಉಪಯೋಗಕ್ಕೆ ಬರ್ತದೆ: ಈ ಅನುಪಾತದ ನ್ಯಾಚುರಲ್ ಲಾಗ್ ಸುಮಾರು 3.1, ಅಂದರೆ ಮೂರು ಟ್ಯಾಂಕಿನಷ್ಟು ಗಾಳಿ, ಒಂಬತ್ತೂವರೆ ನಿಮಿಷ. ಇದು ಗಾಳಿ ಪೂರ್ತಿ ಬೆರೀತದೆ ಅನ್ನೋ ಲೆಕ್ಕ. ನಿಜದಲ್ಲಿ ಮೂಲೆಯ ಗಾಳಿ ಕದಲಲ್ಲ, ಹಾಗಾಗಿ ಡಕ್ಟ್ ಟ್ಯಾಂಕಿನ ತುದಿಯವರೆಗೆ ಮುಟ್ಟಬೇಕು, ಸಮಯ ಕೆಲವು ಪಟ್ಟು ಹೆಚ್ಚು ಕೊಡಬೇಕು, ಕೆಲಸ ಮುಗಿಯುವವರೆಗೆ ಬ್ಲೋವರ್ ನಿಲ್ಲಿಸಬಾರದು. ಬ್ಲೋವರ್‌ನ ಬಾಯಿ ಡೀಸೆಲ್ ಜನರೇಟರ್ ಹೊಗೆಯ ಹತ್ತಿರ ಇರಬಾರದು. ಬೇಗ ಆಗಲಿ ಅಂತ ಸಿಲಿಂಡರಿನ ಶುದ್ಧ ಆಮ್ಲಜನಕ ಬಿಡೋದು ಇನ್ನೂ ದೊಡ್ಡ ಅನಾಹುತ. ಶೇ 23.5 ದಾಟಿದರೆ ಬಟ್ಟೆಗೂ ಸುಲಭವಾಗಿ ಬೆಂಕಿ ಹತ್ತುತ್ತದೆ.

5. ಅಳೆಯಿರಿ. ನಾಲ್ಕು ಅನಿಲ ಅಳೆಯುವ ಮೀಟರನ್ನು ಹೊರಗಿನಿಂದ, ಉದ್ದ ಟ್ಯೂಬಿನಿಂದ ಬಳಸಬೇಕು. ಕ್ರಮ: ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಆವಿ, ಆಮೇಲೆ ವಿಷಾನಿಲ. ಮೇಲೆ, ನಡುವೆ, ತಳದಲ್ಲಿ, ದೂರದ ತುದಿಯಲ್ಲಿ ಬೇರೆಬೇರೆಯಾಗಿ ನೋಡಬೇಕು, ಯಾಕಂದರೆ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂಡ್ತವೆ. ಕೆಸರು ಕೆದಕಿದಾಗ ಸಿಕ್ಕಿಕೊಂಡಿದ್ದ ಅನಿಲ ಹೊರಗೆ ಬರ್ತದೆ, ಹಾಗಾಗಿ ಒಮ್ಮೆ ಅಳೆದು ಬಿಡೋದಲ್ಲ, ಇಳಿದವನ ಎದೆಯ ಮೇಲೆ ಮೀಟರ್ ಇರಲೇಬೇಕು. ಒಂದು ಮಾತು: ನಾಲ್ಕು ಅನಿಲದ ಮೀಟರ್ ಆರ್ಸೀನನ್ನು ತೋರಿಸೋದಿಲ್ಲ.

6. ಇಳಿಯುವವನ ಸಿದ್ಧತೆ. ಮೈಗೆ ಹಾರ್ನೆಸ್, ಅದಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೊರಗಿನ ವಿಂಚಿಗೆ. ರಬ್ಬರ್ ಬೂಟು, ಉದ್ದ ಗ್ಲೌಸ್, ಕಣ್ಣಿಗೆ ಗಾಗಲ್. ಫಿಲ್ಟರ್ ಮಾಸ್ಕ್ ಧೂಳನ್ನು, ಕೆಲವು ಆವಿಯನ್ನು ತಡೀತದೆ, ಇಲ್ಲದ ಆಮ್ಲಜನಕವನ್ನು ಅದು ಹುಟ್ಟಿಸಲ್ಲ. ಒಳಗಿನ ಲೈಟ್ 24 ವೋಲ್ಟ್ ಮೀರಬಾರದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಉಕ್ಕಿನ ಟ್ಯಾಂಕ್ ಅಂದರೆ ಕಾದ ಹಂಚು. ಬೆಳಗಿನ ಹೊತ್ತು, ಸರದಿ ಪ್ರಕಾರ, ನಡುನಡುವೆ ನೀರು ವಿಶ್ರಾಂತಿ ಕೊಟ್ಟು ಮಾಡಬೇಕು.

7. ಕೆಸರು ಒದ್ದೆ ಇರುವಾಗಲೇ ತೆಗೆಯಿರಿ. ಒಣಗಿಸಿ ಕೆರೆದರೆ ಧೂಳು ಶ್ವಾಸಕೋಶಕ್ಕೆ ಹೋಗ್ತದೆ. ಮುಚ್ಚಳದ ಡ್ರಮ್ಮಿಗೆ ತುಂಬಿ, ಹೆಸರು ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯ ಘಟಕಕ್ಕೇ ಕಳಿಸಬೇಕು. ಕೈ ತೊಳೆಯದೆ ಎಲೆ ಅಡಿಕೆ, ಗುಟ್ಕಾ, ಬೀಡಿ ಮುಟ್ಟಬಾರದು. ಕೆಲಸದ ಬಟ್ಟೆ ಮನೆಗೆ ಹೋಗಬಾರದು, ಅದನ್ನು ಮನೆಯಲ್ಲಿ ಒಗೆಯುವವರಿಗೂ ಆರ್ಸೆನಿಕ್ ತಾಗ್ತದೆ.

ಎರಡನೆಯವನು ಯಾಕೆ ಸಾಯ್ತಾನೆ?

2022ರ ಏಪ್ರಿಲ್ 17ರಂದು ಮಂಗಳೂರಿನ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬ ಕಾರ್ಮಿಕ ಬಿದ್ದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಒಟ್ಟು ಐದು ಜನ ತೀರಿಕೊಂಡರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಅಮೆರಿಕದ ನಿಯಾಶ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು: ಇಂಥ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರು.

ಇದಕ್ಕೆ ಕಾರಣ ದಡ್ಡತನ ಅಲ್ಲ, ಪ್ರೀತಿ. ಕಣ್ಣೆದುರು ಗೆಳೆಯ ಬಿದ್ದಾಗ ಯಾರೂ ಲೆಕ್ಕ ಹಾಕ್ತಾ ನಿಲ್ಲಲ್ಲ. ಹಾಗಾಗಿ ಲೆಕ್ಕ ಮೊದಲೇ ಮುಗಿದಿರಬೇಕು. ಹಾರ್ನೆಸ್, ಹಗ್ಗ, ವಿಂಚ್ ಇದ್ದರೆ ಹೊರಗಿನವನು ಒಳಗೆ ಹೋಗದೆಯೇ ಮೇಲೆತ್ತಬಹುದು. ಹೊರಗಿನ ಕಾವಲುಗಾರನಿಗೆ ಇರೋದು ಮೂರೇ ಕೆಲಸ: ವಿಂಚ್ ತಿರುಗಿಸು, ಬ್ಲೋವರ್ ಓಡ್ತಾ ಇರಲಿ, 112ಕ್ಕೆ ಫೋನ್ ಮಾಡು. ಉಸಿರಾಟದ ಸಿಲಿಂಡರ್ ಇಲ್ಲದೆ ಇಳಿಯೋದು ಅವನ ಕೆಲಸ ಅಲ್ಲವೇ ಅಲ್ಲ.

ಸಹಿ ಯಾರದು?

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಸೆಕ್ಷನ್ ಇದನ್ನೇ ಹೇಳಿತ್ತು. ಅಪಾಯದ ಅನಿಲ ಇರಬಹುದಾದ ಟ್ಯಾಂಕ್, ಗುಂಡಿ, ಪೈಪಿನೊಳಗೆ ಯಾರನ್ನಾದರೂ ಕಳಿಸಬೇಕಾದರೆ, ಅರ್ಹ ವ್ಯಕ್ತಿ ತಾನೇ ಪರೀಕ್ಷೆ ಮಾಡಿ "ಸುರಕ್ಷಿತ" ಅಂತ ಬರೆದು ಕೊಟ್ಟಿರಬೇಕು. ಇಲ್ಲದಿದ್ದರೆ ಇಳಿಯುವವನಿಗೆ ಉಸಿರಾಟದ ಉಪಕರಣ ಮತ್ತು ಬೆಲ್ಟ್ ಇರಬೇಕು, ಬೆಲ್ಟಿನ ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು. "ತಾನೇ ಪರೀಕ್ಷೆ ಮಾಡಿ" ಅನ್ನೋ ಮಾತು ಮುಖ್ಯ. ಆಫೀಸಿನಲ್ಲಿ ಕೂತು ನಿನ್ನೆಯ ಪರ್ಮಿಟ್‌ನ ತಾರೀಖು ತಿದ್ದಿ ಸಹಿ ಹಾಕೋದು ಇದರಲ್ಲಿ ಬರಲ್ಲ.

ಮೂರು ನಾಲ್ಕು ವರ್ಷದಲ್ಲಿ ಆ ಪರ್ಮಿಟ್ ಕಾಗದ ನಮ್ಮಲ್ಲಿ ಕೆಲವರ ಟೇಬಲ್ಲಿಗೆ ಬರ್ತದೆ. ಇಳಿಯುವವರು ಯಾರು? ದೇವದುರ್ಗ, ಮಾನ್ವಿ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಪುಣೆ ಅಂತ ಗುಳೆ ಹೋದವರೂ ಅವರಲ್ಲಿ ಇರಬಹುದು. ಅವರು ಮೀಟರ್ ಓದಲು ಕಲಿತಿರಲಿಕ್ಕಿಲ್ಲ. ಓದಲು ಕಲಿತ ನಾವು ಓದಿ ಸಹಿ ಹಾಕ್ತೀವಿ ಅಂತ ನಂಬಿ ಇಳೀತಾರೆ.

ಮುಂದಿನ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ, ಅದು ರೈಸ್ ಮಿಲ್ ಆಗಲಿ, ಪವರ್ ಪ್ಲಾಂಟ್ ಆಗಲಿ, ಮರದ ಘಟಕ ಆಗಲಿ, ಈ ಐದು ಪ್ರಶ್ನೆ ಕೇಳಿ:

- ಈ ತೊಟ್ಟಿಗೆ ಕೊನೆಯ ಸಲ ಮನುಷ್ಯ ಇಳಿದದ್ದು ಯಾವಾಗ, ಇಳಿಯದೇ ಮಾಡಬಹುದಿತ್ತಾ?
- ಗ್ಯಾಸ್ ಮೀಟರ್ ಎಲ್ಲಿದೆ, ಅದರ ಕ್ಯಾಲಿಬ್ರೇಷನ್ ತಾರೀಖು ಏನು?
- ಪಂಪ್ ಸ್ವಿಚ್ಚಿನ ಬೀಗದ ಕೀಲಿ ಯಾರ ಹತ್ತಿರ ಇರ್ತದೆ?
- ಒಳಗೆ ಬಿದ್ದವನನ್ನು ಒಳಗೆ ಹೋಗದೇ ಹೇಗೆ ಎತ್ತುತ್ತೀರಿ?
- ತೊಳೆದ ನೀರು ಎಲ್ಲಿಗೆ ಹೋಗ್ತದೆ?

ಉತ್ತರ ಕೊಡುವವರು ನಾಲ್ಕನೇ ಪ್ರಶ್ನೆಗೆ ಸುಮ್ಮನಾದರೆ, ಆ ಕಾರ್ಖಾನೆಯಲ್ಲಿ ಮೊದಲು ತರಬೇಕಾದದ್ದು ಏನು ಅಂತ ಅಲ್ಲೇ ಗೊತ್ತಾಗ್ತದೆ.